ಒಂಬತ್ತನೇ ನಂಬರಿನ ಗಡಿಯಾರ

ಬೀಳ್ಕೊಡುಗೆಯ ದಿನ ನನಗೆ ಶಾಲು ಹೊದಿಸಿದರು, ಹಾರ ಹಾಕಿದರು, ಹಣ್ಣಿನ ಬುಟ್ಟಿ ಕೈಗಿಟ್ಟರು. ಆಮೇಲೆ ನಮ್ಮ ಚೆಸ್ ಸಂಘದ ಕಾರ್ಯದರ್ಶಿ ಮೈಕಿನಲ್ಲಿ, "ಪುಟ್ಟಸ್ವಾಮಣ್ಣ ಇಷ್ಟು ವರ್ಷ ಸಾಕಿದ ಹಳೇ ಗಡಿಯಾರಗಳಲ್ಲಿ ತಮಗೆ ಇಷ್ಟವಾದದ್ದನ್ನು ಆರಿಸಿಕೊಳ್ಳಲಿ" ಎಂದರು. ಮೇಜಿನ ಮೇಲೆ ಹದಿನಾಲ್ಕು ಗಡಿಯಾರಗಳು ಸಾಲಾಗಿ ನಿಂತಿದ್ದವು. ಮೂರನೇ ನಂಬರಿನದು ಈಗಲೂ ಹೊಸದರಂತೆ ಹೊಳೆಯುತ್ತಿತ್ತು. ನಾನು ಮೂಲೆ ಒಡೆದ, ಬಣ್ಣ ಹೋದ ಒಂಬತ್ತನೇ ನಂಬರಿನದನ್ನು ಎತ್ತಿಕೊಂಡೆ. "ಎಂಥ ಸರಳ ಮನುಷ್ಯ ನೋಡಿ" ಎಂದು ಯಾರೋ ಅಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ಕೈಮುಗಿದು ಸರಳ ಮನುಷ್ಯನ ಹಾಗೆ ನಿಂತುಕೊಂಡೆ.

ಆ ಚಪ್ಪಾಳೆ ಸುಳ್ಳು. ಅದು ಯಾಕೆ ಸುಳ್ಳು ಎಂದು ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ. ಸಂಘದವರು ಕೇಳಿದ್ದು ಬೇರೆ. ಚೆಸ್ ಪಂದ್ಯಗಳಲ್ಲಿ ಕೆಲಸ ಮಾಡಲು ಬರುವ ಹೊಸಬರಿಗೆ ಉಪಯೋಗವಾಗುವ ನಾಲ್ಕು ಮಾತು ಬರೆದುಕೊಡಿ ಎಂದಿದ್ದರು. ಉಪಯೋಗದ ಮಾತೂ ಇದರಲ್ಲಿ ಇದೆ. ನಾನು ಓದಿದ್ದು ಏಳನೇ ಕ್ಲಾಸು. ತಪ್ಪು ಕಂಡರೆ ನನ್ನದು, ಸರಿ ಕಂಡರೆ ತಿದ್ದಿಕೊಟ್ಟ ನನ್ನ ಮಗಳದು.

ಬಸರಾಳಿನ ಪಕ್ಕದ ಹಳ್ಳಿಯಿಂದ ಬಂದ ನಾನು ಮಂಡ್ಯದ ಪೇಟೆಬೀದಿಯಲ್ಲಿ ಒಂದು ಪೆಟ್ಟಿಗೆ ಅಂಗಡಿ ಇಟ್ಟುಕೊಂಡು ವಾಚು ರಿಪೇರಿ ಮಾಡುತ್ತಿದ್ದೆ. ಒಂದು ದಿನ ಶಿವಲಿಂಗಯ್ಯ ಮೇಷ್ಟ್ರು ಟವೆಲಿನಲ್ಲಿ ಏನನ್ನೋ ಸುತ್ತಿಕೊಂಡು, ಬಾಣಂತಿ ಮಗುವನ್ನು ತಂದ ಹಾಗೆ ತಂದರು. ಹೈಸ್ಕೂಲಿನಲ್ಲಿ ಲೆಕ್ಕ ಹೇಳುತ್ತಿದ್ದ ಅವರು ನಮ್ಮ ಜಿಲ್ಲೆಯ ಚೆಸ್ ಪಂದ್ಯಗಳಿಗೆಲ್ಲ ಮುಖ್ಯ ತೀರ್ಪುಗಾರರು. ಟವೆಲು ಬಿಚ್ಚಿದರೆ ಒಂದೇ ಪೆಟ್ಟಿಗೆಯಲ್ಲಿ ಎರಡು ಗಡಿಯಾರ.

"ಒಂದು ಸಾಕಾಗಲಿಲ್ವಾ ಸಾ?" ಅಂದೆ.

"ಆಡೋರು ಇಬ್ಬರಪ್ಪ. ಒಬ್ಬೊಬ್ಬರಿಗೆ ಒಂದೊಂದು. ನೀನು ನಡೆ ನಡೆಸಿ ನಿನ್ನ ಗುಂಡಿ ಒತ್ತಿದರೆ ನಿನ್ನದು ನಿಲ್ಲುತ್ತೆ, ನನ್ನದು ಓಡುತ್ತೆ."

"ಈ ಕೆಂಪು ಕಡ್ಡಿ ಏನು ಸಾ?"

"ಅದು ಬಾವುಟ. ದೊಡ್ಡ ಮುಳ್ಳು ಹನ್ನೆರಡರ ಹತ್ತಿರ ಬರುತ್ತಾ ಬರುತ್ತಾ ಅದನ್ನ ಎತ್ತುತ್ತೆ. ಹನ್ನೆರಡು ದಾಟಿದ ಕೂಡಲೇ ಅದು ಬೀಳುತ್ತೆ. ಬಾವುಟ ಬಿತ್ತು ಅಂದರೆ ಟೈಮು ಮುಗೀತು, ಆಟ ಸೋತ ಹಾಗೆ."

ಆ ಬಾವುಟ ಕಡಲೆಬೇಳೆಯಷ್ಟು ದೊಡ್ಡದಿತ್ತು. ಅಷ್ಟು ಚಿಕ್ಕ ತಗಡು ಬಿದ್ದರೆ ದೊಡ್ಡ ದೊಡ್ಡ ಆಫೀಸರುಗಳು ಎದ್ದು ಕೈಕುಲುಕಿ ಹೋಗಬೇಕು ಎಂಬುದು ನನಗೆ ಬಹಳ ಹಿಡಿಸಿತು. ಅವತ್ತೇ ಕೆಲಸಕ್ಕೆ ಒಪ್ಪಿಕೊಂಡೆ. ಮಂಡ್ಯ, ಮದ್ದೂರು, ಮಳವಳ್ಳಿ, ಎಲ್ಲಿ ಪಂದ್ಯವಿದ್ದರೂ ಗಡಿಯಾರದ ಟ್ರಂಕು ಹೊತ್ತುಕೊಂಡು ಹೋಗುವುದು, ಬೋರ್ಡು ಜೋಡಿಸುವುದು, ಕೀಲಿ ಕೊಡುವುದು, ಕೊನೆಯಲ್ಲಿ ಕಾಯಿ ಎಣಿಸಿ ತುಂಬುವುದು. ಒಂದು ಕಾಲಾಳು ಕಡಿಮೆಯಾದರೆ ಮೇಷ್ಟ್ರು ನನ್ನನ್ನು ಬೆಂಚಿನ ಕೆಳಗೆ ತೆವಳಿಸುತ್ತಿದ್ದರು.

ಶಿವಲಿಂಗಯ್ಯ ಮೇಷ್ಟ್ರಿಗೆ ನಿಶ್ಶಬ್ದವೆಂದರೆ ಪ್ರಾಣ. ಯಾರಾದರೂ ಕೆಮ್ಮಿದರೆ ತುಟಿಯ ಮೇಲೆ ಬೆರಳಿಟ್ಟುಕೊಂಡು ಅವರ ಬೆನ್ನ ಹಿಂದೆಯೇ ನಿಲ್ಲುತ್ತಿದ್ದರು. ಆದರೆ ಊಟವಾದ ಮೇಲೆ ಅವರಿಗೆ ಕುರ್ಚಿಯಲ್ಲೇ ನಿದ್ದೆ ಹತ್ತುತ್ತಿತ್ತು, ಗೊರಕೆ ಇಡೀ ಹಾಲಿಗೆ ಕೇಳುತ್ತಿತ್ತು. ಒಮ್ಮೆ ಮದ್ದೂರಿನಲ್ಲಿ ಒಬ್ಬ ಆಟಗಾರ ಎದ್ದು ಬಂದು ನನಗೆ ದೂರು ಕೊಟ್ಟ. ನಾನು ಮೇಷ್ಟ್ರ ಮುಂದೆ ನಿಂತು, ಅವರು ಮಾಡುವ ಹಾಗೆಯೇ ತುಟಿಯ ಮೇಲೆ ಬೆರಳಿಟ್ಟುಕೊಂಡೆ. ಅಷ್ಟರಲ್ಲಿ ಅವರಿಗೆ ಎಚ್ಚರವಾಯಿತು. ಎರಡು ಪಂದ್ಯಗಳವರೆಗೆ ನನ್ನ ಜತೆ ಮಾತಾಡಲಿಲ್ಲ.

ಹೊಸಬರು ತಿಳಿಯಬೇಕಾದ ಮೊದಲ ಮಾತು ಇದು: ಗಡಿಯಾರಗಳಿಗೂ ಒಂದೊಂದು ಸ್ವಭಾವವಿರುತ್ತದೆ. ನಮ್ಮ ನಾಲ್ಕನೇ ನಂಬರಿನದು ಕಲ್ಲು ಕುಟ್ಟಿದ ಹಾಗೆ ಟಕಟಕ ಅನ್ನುತ್ತಿತ್ತು. ಹನ್ನೊಂದನೆಯದರ ಗುಂಡಿ ಹೆಬ್ಬೆರಳು ನೋಯುವಷ್ಟು ಬಿಗಿ. ಒಂಬತ್ತನೆಯದರ ಎಡಗಡೆ ಬಾವುಟದ ತುದಿ ಸವೆದಿತ್ತು. ದೊಡ್ಡ ಮುಳ್ಳು ಹನ್ನೆರಡು ಮುಟ್ಟುವ ಮೊದಲೇ, ಒಂದೂಕಾಲು ನಿಮಿಷ ಮುಂಚೆ, ಅದು ಜಾರಿ ಬೀಳುತ್ತಿತ್ತು. ಇದೆಲ್ಲ ಗೊತ್ತಿದ್ದದ್ದು ನನಗೊಬ್ಬನಿಗೆ. ಗೊತ್ತಿದ್ದ ಮೇಲೆ ರಿಪೇರಿ ಮಾಡಬೇಕು. ನಾನು ಆಟ ಆಡಿದೆ.

ಒಬ್ಬ ಬ್ಯಾಂಕ್ ಆಫೀಸರು ನನ್ನನ್ನು ಯಾವಾಗಲೂ "ಏಯ್, ನೀರು ತಾ" ಅನ್ನುತ್ತಿದ್ದರು. ಅವರು ಎಲ್ಲಿ ಕೂತರೂ ನಾಲ್ಕನೇ ನಂಬರಿನ ಗಡಿಯಾರ ಅಲ್ಲಿಗೇ ಹೋಗುತ್ತಿತ್ತು. ಹೋದ ಸಲ ಸೋತಾಗ ಕಾಯಿಗಳನ್ನು ಎಸೆದಿದ್ದವನಿಗೆ ಹನ್ನೊಂದನೆಯದು. ನನ್ನ ಕೈಯಲ್ಲಿದ್ದ ಅಧಿಕಾರ ಅಷ್ಟೇ, ಅದನ್ನು ನಾನು ಚೆನ್ನಾಗಿ ಚಲಾಯಿಸಿದೆ. ಯಾರೂ ಸತ್ತು ಹೋಗಲಿಲ್ಲವಲ್ಲ ಎಂದು ಒಳಗೊಳಗೇ ನಗುತ್ತಿದ್ದೆ.

ಹೆಂಗಸರ ಪಂದ್ಯ ಎಂದರೆ ಆ ಕಾಲದಲ್ಲಿ ಗಂಡಸರ ಹಾಲಿನ ಒಂದು ಮೂಲೆ. ಎಂಟು ಜನ ಇಲ್ಲದಿದ್ದರೆ ಅದನ್ನು ಆಯ್ಕೆ ಪಂದ್ಯ ಎಂದು ಬರೆದುಕೊಳ್ಳಲು ಮೇಷ್ಟ್ರು ಒಪ್ಪುತ್ತಿರಲಿಲ್ಲ. ಆಡಲು ಬರುವವರು ಐದು ಜನವೋ ಆರು ಜನವೋ. ಉಳಿದವರನ್ನು ಹುಡುಕಿ ತರುವುದು ನನ್ನ ಕೆಲಸ. ಗೆಜ್ಜಲಗೆರೆಯ ಕಾರ್ಖಾನೆಯಿಂದ ಪಾಳಿ ಮುಗಿಸಿ ಬಸ್ಸಿಗೆ ನಿಂತ ಹೆಣ್ಣುಮಕ್ಕಳನ್ನು ಕೇಳಿ ಬೈಸಿಕೊಂಡಿದ್ದೇನೆ. ಒಂದು ಸಲ ಮದ್ದೂರಿನಲ್ಲಿ ಏಳು ಜನ ಸೇರಿ ಎಂಟನೆಯವರು ಸಿಗಲೇ ಇಲ್ಲ. ಬಸ್ ಸ್ಟ್ಯಾಂಡಿನಲ್ಲಿ ಹೂ ಮಾರುತ್ತಿದ್ದ ಕೆಂಪಮ್ಮನನ್ನು ಕರೆತಂದೆ. ಅರ್ಧ ಗಂಟೆಯಲ್ಲಿ ಕಾಯಿ ನಡೆಸುವುದನ್ನು ಹೇಳಿಕೊಟ್ಟೆ.

"ಈ ರಾಣಿ ಎಲ್ಲಾ ಕಡೀಕೂ ಓಯ್ತಾಳಾ?"

"ಓಯ್ತಾಳೆ ಕಣಕ್ಕ. ಅಡ್ಡ, ಉದ್ದ, ಮೂಲೆಗೆ."

"ಗಂಡ ಒಂದೇ ಮನೆ ನಡೀತಾನೆ, ಇವ್ಳು ಊರೆಲ್ಲಾ ತಿರುಗ್ತಾಳಾ? ನಾನ್ ಕಳ್ಸಾಕಿಲ್ಲ ಬುಡು."

ಹೇಳಿದಂತೆಯೇ ಐದು ಸುತ್ತಿನಲ್ಲೂ ರಾಣಿಯನ್ನು ಜಾಗ ಬಿಟ್ಟು ಕದಲಿಸಲಿಲ್ಲ. ಕಾಯಿ ಹೊಡೆದಾಗಲೆಲ್ಲ "ತಗೋ ಮಗಾ" ಎಂದು ಎದುರಿನವಳ ಕೈಗೇ ಕೊಡುತ್ತಿದ್ದಳು. ಆದರೂ ಒಂದು ಆಟ ಗೆದ್ದಳು. ಅವಳ ಮಡಿಲಿನ ಮಲ್ಲಿಗೆಯ ವಾಸನೆಗೆ ಎದುರಿನ ಹುಡುಗಿಗೆ ಸೀನು ಹತ್ತಿ, ಸೀನು ನಿಲ್ಲದೆ ಅವಳು ಆಟ ಬಿಟ್ಟುಕೊಟ್ಟಳು. ಮೇಷ್ಟ್ರು ನಿಯಮದ ಪುಸ್ತಕವನ್ನು ಮೊದಲಿನಿಂದ ಕೊನೆಯವರೆಗೆ ತಿರುವಿದರು. ಮಲ್ಲಿಗೆಯ ವಿಚಾರ ಅದರಲ್ಲಿ ಇರಲಿಲ್ಲ.

ಇನ್ನು ನನ್ನ ತಂಗಿಯ ವಿಷಯ. ಸಾವಿತ್ರಿ ನನಗಿಂತ ಎಂಟು ವರ್ಷ ಚಿಕ್ಕವಳು. ಪಿಯುಸಿ ಓದಲು ಊರಿನಿಂದ ಬಂದು ಮಂಡ್ಯದಲ್ಲಿ ನನ್ನ ಬಾಡಿಗೆ ಮನೆಯಲ್ಲಿದ್ದಳು. ಆಟಗಾರರು ತಮ್ಮ ನಡೆಗಳನ್ನು ಬರೆದು ಬಿಟ್ಟುಹೋದ ಕಾಗದಗಳನ್ನು ನಾನು ತಿರುಪು, ಮುಳ್ಳು ಕಟ್ಟಿಡಲು ಮನೆಗೆ ತರುತ್ತಿದ್ದೆ. ಅವಳು ಆ ಪೊಟ್ಟಣಗಳನ್ನು ಬಿಚ್ಚಿ, ಕಾಗದದಲ್ಲಿದ್ದ ಆಟವನ್ನು ಬೋರ್ಡಿನ ಮೇಲೆ ಆಡಿ ಆಡಿ ಕಲಿತಳು. ಬರೀ ಮಂಡ್ಯದವರ ತಪ್ಪುಗಳನ್ನು ಓದಿಯೇ ಅವಳು ಮಂಡ್ಯದವರನ್ನೆಲ್ಲ ಸೋಲಿಸುವಂತಾದಳು.

ಅವಳಿಗೆ ಹುಚ್ಚು ಹಿಡಿಸಿದ್ದು ಮೇಷ್ಟ್ರು. ಒಂದು ಭಾನುವಾರ ಶಾಲೆಯ ಕರಿಹಲಗೆಯ ಮೇಲೆ ಏಣಿ ಬರೆದು ತೋರಿಸಿದರು. ಮೊದಮೊದಲು ಹೆಂಗಸರ ವಿಶ್ವ ಚಾಂಪಿಯನ್‌ಪಟ್ಟಕ್ಕೆ ಏಣಿಯೇ ಇರಲಿಲ್ಲವಂತೆ. ಬಂದವರೆಲ್ಲ ಒಟ್ಟಿಗೆ ಕೂತು ಆಡುವುದು, ಹೆಚ್ಚು ಗೆದ್ದವಳೇ ಚಾಂಪಿಯನ್. ವರ್ಷಾನುಗಟ್ಟಲೆ ಒಬ್ಬಳೇ ಗೆದ್ದಳು. ಅವಳು ಯುದ್ಧದಲ್ಲಿ ತೀರಿಹೋದ ಮೇಲೆ ಪಟ್ಟ ಖಾಲಿ ಬಿದ್ದಿತು. ಹದಿನಾರು ಜನರನ್ನು ಕೂರಿಸಿ ಹೊಸಬಳನ್ನು ಆರಿಸಿದರು. ಆಮೇಲೆ ಒಂದೊಂದಾಗಿ ಮೆಟ್ಟಿಲು ಕಟ್ಟಿದರು. ಮೇಷ್ಟ್ರು ಕೆಳಗಿನಿಂದ ಬರೆಯುತ್ತಾ ಹೋದರು: ಜಿಲ್ಲೆ, ರಾಜ್ಯ, ದೇಶ, ಆಮೇಲೆ ಝೋನಲ್, ಇಂಟರ್‌ಝೋನಲ್, ಕ್ಯಾಂಡಿಡೇಟ್ಸ್, ತುದಿಯಲ್ಲಿ ವಿಶ್ವ ಚಾಂಪಿಯನ್ ಜತೆ ಆಟ.

"ಅಂದ್ರೆ ಸಾ, ನಮ್ ಜಿಲ್ಲೇಲಿ ಗೆದ್ರೆ ಒಂದ್ ಮೆಟ್ಲಾ?" ಅಂದಳು ಸಾವಿತ್ರಿ.

"ಒಂದು ಮೆಟ್ಟಿಲು ಕಣಮ್ಮ. ತುದಿಯಲ್ಲಿ ಇರೋಳೂ ಎಲ್ಲೋ ಒಂದು ಊರಲ್ಲಿ ಇದೇ ಮೆಟ್ಟಿಲು ಹತ್ತಿಯೇ ಹೋಗಿರೋದು."

ಬಸ್ಸಿನಲ್ಲಿ ಬರುವಾಗ ಅವಳು ಏಳು ಬೆರಳು ಮಡಚಿ, ಬಿಚ್ಚಿ, ಮತ್ತೆ ಮಡಚಿ ನೋಡುತ್ತಿದ್ದಳು.

ಮರುವರ್ಷದ ಮಹಿಳಾ ಆಯ್ಕೆ ಪಂದ್ಯ ಮದ್ದೂರಿನಲ್ಲಿ ನಡೆಯಿತು. ಕೊನೆಯ ಸುತ್ತಿಗೆ ಮುಂದಿದ್ದವರು ಇಬ್ಬರೇ, ಸಾವಿತ್ರಿ ಮತ್ತು ಮಂಡ್ಯದ ಶೈಲಜಾ. ಗೆದ್ದವಳು ರಾಜ್ಯಮಟ್ಟಕ್ಕೆ. ಶೈಲಜಾ ಕಾಲೇಜು ಲೆಕ್ಚರರ ಮಗಳು. ನಿಧಾನಕ್ಕೆ ಯೋಚಿಸುವವಳು, ಪ್ರತಿ ಆಟದಲ್ಲೂ ಕೊನೆಯ ನಿಮಿಷದವರೆಗೆ ಬರುತ್ತಿದ್ದಳು. ಅವತ್ತು ಅವಳದು ಕಪ್ಪು ಕಾಯಿ, ನನ್ನ ತಂಗಿಯದು ಬಿಳಿ.

ಬೋರ್ಡು ಜೋಡಿಸುವಾಗ ನನ್ನ ಕೈ ಟ್ರಂಕಿನಲ್ಲಿ ಒಂಬತ್ತನೇ ನಂಬರಿನ ಗಡಿಯಾರವನ್ನೇ ಹುಡುಕಿತು. ಹೀಗೆ ಲೆಕ್ಕ ಹಾಕಿದೆ. ಗಡಿಯಾರದ ಮುಖ ಹೊರಗಡೆಗೆ, ತೀರ್ಪುಗಾರರು ಓಡಾಡುವ ಕಡೆಗೆ ಇರಬೇಕು. ಕಪ್ಪು ಕಾಯಿಯವರ ಬಲಗೈ ಕಡೆ ಅದನ್ನು ಇಟ್ಟರೆ, ಎಡಗಡೆಯ ಗಡಿಯಾರ ಅವರ ಪಾಲಿಗೆ ಬರುತ್ತದೆ. ಎಂದರೆ ಸವೆದ ಬಾವುಟ ಶೈಲಜಾಳದು. ಒಂದೂಕಾಲು ನಿಮಿಷ ತಾನೆ? ಬ್ಯಾಂಕ್ ಆಫೀಸರಿಗೆ ಮಾಡಿದ್ದಕ್ಕಿಂತ ಸ್ವಲ್ಪ ಹೆಚ್ಚು, ಅಷ್ಟೇ. ತಂಗಿಗೆ ಅಣ್ಣನ ಉಡುಗೊರೆ ಅಂದುಕೊಂಡೆ. ಅವಳಿಗೆ ಒಂದು ಮಾತೂ ಹೇಳಲಿಲ್ಲ. ಹೇಳಿದ್ದರೆ ಟ್ರಂಕಿನ ಸಮೇತ ನನ್ನನ್ನು ಹೊರಗೆ ಹಾಕುತ್ತಿದ್ದಳು.

ಶೈಲಜಾ ಬಂದು ಕೂತಳು. ಗಡಿಯಾರ ನೋಡಿದಳು. ಮೇಷ್ಟ್ರ ಕಡೆಗೆ ತಿರುಗಿ, "ಸರ್, ನಾನು ಎಡಚಿ. ಗಡಿಯಾರ ಈ ಕಡೆ ಇಡ್ತೀರಾ?" ಎಂದಳು.

ಗಡಿಯಾರ ಯಾವ ಬದಿಗೆ ಇರಬೇಕೆಂದು ಕೇಳುವ ಹಕ್ಕು ಕಪ್ಪು ಕಾಯಿಯವರದು. ನಮ್ಮ ಪಂದ್ಯಗಳಲ್ಲಿ ಅದು ಮೊದಲಿನಿಂದ ನಡೆದು ಬಂದ ಪದ್ಧತಿ. ಮೇಷ್ಟ್ರು ತಾವೇ ಗಡಿಯಾರ ಎತ್ತಿ, ಬೋರ್ಡಿನ ಆಚೆ ಬದಿಗೆ ಇಟ್ಟು, ಮುಖ ಹೊರಗೆ ಬರುವಂತೆ ತಿರುಗಿಸಿದರು. ಹಾಗೆ ತಿರುಗಿಸಿದಾಗ ಎಡಗಡೆಯದು ಬಿಳಿ ಕಾಯಿಯವರ ಪಾಲಿಗೆ ಬಂತು. ಸವೆದ ಬಾವುಟ ಈಗ ನನ್ನ ತಂಗಿಯದು.

ನಾಲ್ಕು ಸುತ್ತು ಶೈಲಜಾಳ ಪಕ್ಕದಲ್ಲೇ ಓಡಾಡಿದ್ದೆ. ಅವಳು ಯಾವ ಕೈಯಲ್ಲಿ ಆಡುತ್ತಾಳೆ ಎಂದು ಒಮ್ಮೆಯೂ ನೋಡಿರಲಿಲ್ಲ. ನಾನು ಮುಳ್ಳು ನೋಡುವವನು, ಕೈ ನೋಡುವವನಲ್ಲ.

ಆಗಲೇ "ಸಾ, ಈ ಗಡಿಯಾರ ಸ್ವಲ್ಪ ತೊಂದರೆ, ಬದಲಾಯಿಸ್ತೀನಿ" ಅಂದಿದ್ದರೆ ಮುಗಿಯುತ್ತಿತ್ತು. ತೊಂದರೆ ಇದ್ದದ್ದನ್ನು ಮೊದಲ ಬೋರ್ಡಿಗೆ ಯಾಕೆ ಇಟ್ಟೆ ಎಂದು ಕೇಳಿದರೆ? ಟ್ರಂಕಿನ ಮುಚ್ಚಳ ಹಾಕಿದೆ. ಸಾವಿತ್ರಿ ಬೇಗ ಆಡುವವಳು, ಅವಳಿಗೆ ಕೊನೆಯ ನಿಮಿಷ ಬೇಕೇ ಆಗುವುದಿಲ್ಲ ಎಂದು ಧೈರ್ಯ ಹೇಳಿಕೊಂಡೆ.

ಅವತ್ತು ಅವಳು ಯೋಚಿಸಿದಳು. ಏಳು ಮೆಟ್ಟಿಲಿನ ಏಣಿ ಕಣ್ಣ ಮುಂದೆ ಇತ್ತೋ ಏನೋ, ಜೀವಮಾನದಲ್ಲಿ ಹಾಗೆ ಯೋಚಿಸಿರಲಿಲ್ಲ. ಎರಡು ಗಂಟೆಯಲ್ಲಿ ನಲವತ್ತು ನಡೆ ಮುಗಿಸಬೇಕು. ಮೂವತ್ತೊಂಬತ್ತು ಆಗಿತ್ತು. ಒಂದು ಆನೆ ಹೆಚ್ಚಾಗಿ ಗೆದ್ದುಕೊಂಡು, ಶೈಲಜಾಳ ರಾಜನನ್ನು ಮೂಲೆಗೆ ಒತ್ತಿಕೊಂಡು ಹೋಗಿದ್ದಳು. ಗಡಿಯಾರ ನೋಡಿದಳು, ಇನ್ನೂ ಒಂದು ನಿಮಿಷಕ್ಕಿಂತ ಹೆಚ್ಚಿತ್ತು. ಆನೆಯನ್ನು ಹಿಡಿದು ಎತ್ತಿದಳು.

ಬಾವುಟ ಬಿತ್ತು.

ಇಡೀ ಹಾಲಿನಲ್ಲಿ ಆ ಶಬ್ದ ನನಗೊಬ್ಬನಿಗೆ ಕೇಳಿಸಿರಬೇಕು. ಸಾವಿತ್ರಿ ಆನೆಯನ್ನು ಗಾಳಿಯಲ್ಲೇ ಹಿಡಿದುಕೊಂಡು, "ಸಾ, ಮುಳ್ಳು ಇನ್ನೂ ಅನ್ನೆರಡಕ್ ಬಂದಿಲ್ಲ ಅನ್ಸುತ್ತೆ ಸಾ" ಎಂದಳು. ಮೇಷ್ಟ್ರು ಕನ್ನಡಕ ಏರಿಸಿ ಬಗ್ಗಿ ನೋಡಿದರು. ಒಂದು ಕಡೆಯಿಂದ ನೋಡಿದರೆ ಬಂದ ಹಾಗಿತ್ತು, ಇನ್ನೊಂದು ಕಡೆಯಿಂದ ನೋಡಿದರೆ ಬಾರದ ಹಾಗಿತ್ತು. ಗಡಿಯಾರ ಕೆಟ್ಟಿದೆ ಎಂದು ಗೊತ್ತಾದರೆ ಆಟ ಮುಂದುವರಿಸಬಹುದು. ಅವರು ತಲೆಯೆತ್ತಿ ನನ್ನನ್ನು ಕೇಳಿದರು:

"ಪುಟ್ಟಸ್ವಾಮಿ, ಗಡಿಯಾರ ಸರಿ ಇದೆಯಾ?"

ಎಲ್ಲರೂ ನನ್ನ ಕಡೆ ನೋಡಿದರು. ಸಾವಿತ್ರಿಯೂ ನೋಡಿದಳು, ಅಣ್ಣ ಹೇಳುತ್ತಾನೆ ಎಂಬ ನಂಬಿಕೆಯಿಂದ ನೋಡಿದಳು.

"ಸರಿ ಐತೆ ಸಾ" ಅಂದೆ.

ಅವಳು ಆನೆಯನ್ನು ಎತ್ತಿದ ಮನೆಯಲ್ಲೇ ಮೆಲ್ಲಗೆ ಇಟ್ಟು, ಎದ್ದು, ಶೈಲಜಾಳ ಕೈಕುಲುಕಿದಳು. ಬಸ್ಸಿನಲ್ಲಿ ಒಂದೇ ಮಾತು ಆಡಿದ್ದು: "ನಾನ್ ನಿಧಾನ ಮಾಡ್ಬುಟ್ಟೆ ಕಣಣ್ಣ." ಆ ಟ್ರಂಕು ನನ್ನ ತೊಡೆಯ ಮೇಲೇ ಇತ್ತು.

ಮರುವರ್ಷ ಅವಳ ಮದುವೆಯಾಯಿತು. ಮಳವಳ್ಳಿಗೆ ಹೋದಳು. ಅಲ್ಲಿ ಹೊಲಿಗೆ ಕಲಿಸುತ್ತಾ, ಹೊಲಿಗೆಗೆ ಬಂದ ಹೆಣ್ಣುಮಕ್ಕಳಿಗೆ ಬಟ್ಟೆ ಕತ್ತರಿಸುವ ಮೇಜಿನ ಮೇಲೆಯೇ ಚೆಸ್ಸನ್ನೂ ಕಲಿಸತೊಡಗಿದಳು. ಒಂಬತ್ತನೇ ನಂಬರಿನ ಗಡಿಯಾರವನ್ನು ನಾನು ಟ್ರಂಕಿನ ತಳಕ್ಕೆ ಹಾಕಿದೆ. ಹೊರಗೆ ತೆಗೆಯಲಿಲ್ಲ, ರಿಪೇರಿಯನ್ನೂ ಮಾಡಲಿಲ್ಲ. ಸರಿಮಾಡಿದರೆ ನಾನು ಮಾಡಿದ್ದು ಮಾಡಿಲ್ಲ ಎಂದ ಹಾಗಾಗುತ್ತದೆ ಅನ್ನಿಸುತ್ತಿತ್ತು.

ಕಾಲ ಬದಲಾಯಿತು. ಕೀಲಿ ಕೊಡುವ ಗಡಿಯಾರ ಹೋಗಿ ಬ್ಯಾಟರಿಯದು ಬಂತು, ಬಾವುಟದ ಬದಲು ಅಂಕಿ ಬಂತು. ಈಗಿನದರಲ್ಲಿ ಒಂದೊಂದು ನಡೆಗೂ ಮೂವತ್ತು ಸೆಕೆಂಡು ಸೇರಿಕೊಳ್ಳುತ್ತದೆ. ಅದನ್ನು ಮೊದಲ ಸಲ ಕಂಡಾಗ ನನಗೆ ಹೊಟ್ಟೆ ಉರಿಯಿತು. ಎತ್ತಿದ ಆನೆ ಇಡಲು ಅಷ್ಟು ಧಾರಾಳವಾಗಿ ಹೊತ್ತು ಕೊಡುತ್ತದಲ್ಲ. ಮೇಷ್ಟ್ರು ಬರೆದ ಏಣಿಯನ್ನೂ ಎಷ್ಟೋ ಸಲ ಅಳಿಸಿ ಬರೆದರು. ಇಂಟರ್‌ಝೋನಲ್ ಎಂಬ ಮೆಟ್ಟಿಲು ಹೋಯಿತು. ಒಂದಷ್ಟು ವರ್ಷ ಅರವತ್ತನಾಲ್ಕು ಜನರನ್ನು ಒಟ್ಟಿಗೆ ಕೂರಿಸಿ, ಸೋತವರು ಗಂಟುಮೂಟೆ ಕಟ್ಟಿದ ಮೇಲೆ ಉಳಿದವಳೇ ವಿಶ್ವ ಚಾಂಪಿಯನ್ ಎಂದರು. ಆಮೇಲೆ ಗ್ರ್ಯಾನ್‌ಪ್ರಿ ಪಾಯಿಂಟು, ವಿಶ್ವಕಪ್, ಮತ್ತೆ ಅದೇ ಕ್ಯಾಂಡಿಡೇಟ್ಸ್. ಮೊನ್ನೆ ಮೊನ್ನೆ ವಿಶ್ವಕಪ್ಪಿನ ಕೊನೆಯ ಆಟಕ್ಕೆ ನಮ್ಮ ದೇಶದವರೇ ಇಬ್ಬರು ಎದುರುಬದುರು ಕೂತರು. ನಾನು ಮೊಬೈಲಿನಲ್ಲಿ ನೋಡಿದೆ. ಅವರ ಆಟ ನನಗೆ ಅರ್ಥವಾಗಲಿಲ್ಲ, ಗಡಿಯಾರ ನೋಡಿಕೊಂಡು ಕೂತಿದ್ದೆ. ಮೇಲಿನ ಮೆಟ್ಟಿಲು ಎಷ್ಟು ಸಲ ಬದಲಾದರೂ ಕೆಳಗಿನದು ಬದಲಾಗಲಿಲ್ಲ. ಅದು ಇನ್ನೂ ಮದ್ದೂರಿನ ಹಾಲಿನಲ್ಲೇ ಇದೆ.

ಆ ಮೆಟ್ಟಿಲಿಗೆ ಮಳವಳ್ಳಿಯ ಹುಡುಗಿಯರು ಪ್ರತಿ ವರ್ಷ ಬರುತ್ತಿದ್ದರು, ಪ್ರತಿ ವರ್ಷ ಜಾರುತ್ತಿದ್ದರು. ಬುದ್ಧಿಗೆ ಕೊರತೆಯಿಲ್ಲ, ಆದರೆ ರೈಲು ಹಿಡಿಯುವವರ ಹಾಗೆ ಆಡುತ್ತಿದ್ದರು. ತೀರ್ಪುಗಾರರೆಲ್ಲ ಅವರಿಗೆ ಮಳವಳ್ಳಿ ಎಕ್ಸ್‌ಪ್ರೆಸ್ ಎಂದು ಹೆಸರಿಟ್ಟಿದ್ದರು. ಅವರ ಆಟವಿದ್ದ ದಿನ ನಮಗೆ ಊಟ ಬೇಗ. ಆ ತಮಾಷೆಗೆ ನಾನೂ ನಕ್ಕಿದ್ದೇನೆ. ಆ ಮಕ್ಕಳಿಗೆ ಅವಸರ ಕಲಿಸಿದವಳು ಸಾವಿತ್ರಿ. "ಬೇಗ ಆಡ್ರವ್ವ, ನಾನ್ ನಿಧಾನ ಮಾಡಿ ಕೆಟ್ಟೆ" ಎಂಬುದು ಅವಳ ಮೊದಲ ಪಾಠ. ಅವಳೂ ಹಾಗೇ ಆಗಿಬಿಟ್ಟಿದ್ದಳು. ನಡೆಯುವುದು ಓಡಿದ ಹಾಗೆ, ಮಾತು ಅರ್ಧಕ್ಕೆ, ನಾನು ಅವಳ ಮನೆಯಲ್ಲಿ ಚಪ್ಪಲಿ ಬಿಡುವಷ್ಟರಲ್ಲಿ ತಟ್ಟೆಗೆ ಮುದ್ದೆ ಬಿದ್ದಿರುತ್ತಿತ್ತು.

ನನ್ನ ಕೆಲಸದ ಕೊನೆಯ ವರ್ಷ ಚಂದನಾ ಎಂಬ ಹುಡುಗಿ ಮಳವಳ್ಳಿಯಿಂದ ಬಂದಳು. ಹದಿನೇಳು ವರ್ಷ. ಅಂಥ ಆಟಗಾರ್ತಿಯನ್ನು ನಾನು ಸಾವಿತ್ರಿಯ ನಂತರ ನೋಡಿರಲಿಲ್ಲ. ಕೊನೆಯ ಸುತ್ತಿನಲ್ಲಿ ಗೆಲ್ಲುವ ಆಟದಲ್ಲಿ ಎರಡು ಸೆಕೆಂಡಿನಲ್ಲಿ ಒಂದು ನಡೆ ನಡೆಸಿ, ರಾಣಿಯನ್ನೇ ಕಳೆದುಕೊಂಡಳು. ಅವಳ ಗಡಿಯಾರದಲ್ಲಿ ಇನ್ನೂ ಒಂದು ಗಂಟೆ ಹತ್ತು ನಿಮಿಷ ಉಳಿದಿತ್ತು. ನಾನು ಕಾಯಿ ತುಂಬುತ್ತಿದ್ದಾಗ ಹತ್ತಿರ ಬಂದು ನಿಂತಳು.

"ತಾತ, ಮಿಕ್ಕಿದ್ ಟೈಮ್ನ ಏನ್ ಮಾಡ್ತೀರಾ?"

"ಏನ್ ಮಾಡೋದವ್ವ? ಗಡಿಯಾರ ಆರಿಸಿದ್ರೆ ಓಯ್ತದೆ."

"ಅಯ್ಯೋ, ಅಷ್ಟೊಂದಾ?" ಅಂದಳು. ಅಳಲಿಲ್ಲ. ಅತ್ತಿದ್ದರೆ ನನಗೆ ವಾಸಿಯಾಗಿತ್ತು.

ಬೀಳ್ಕೊಡುಗೆಯಾದ ಮೂರನೇ ದಿನ ಒಂಬತ್ತನೇ ನಂಬರಿನ ಗಡಿಯಾರವನ್ನು ಮೇಷ್ಟ್ರ ಹಾಗೆಯೇ ಟವೆಲಿನಲ್ಲಿ ಸುತ್ತಿಕೊಂಡು ಮಳವಳ್ಳಿಯ ಬಸ್ಸು ಹತ್ತಿದೆ. ಮಧ್ಯಾಹ್ನದ ಹೊತ್ತು. ಸಾವಿತ್ರಿ ಹೊಲಿಗೆ ಮಿಷನ್ನಿನ ಮುಂದೆ ರವಿಕೆಗೆ ತೋಳು ಕೂರಿಸುತ್ತಿದ್ದಳು. ಕಾಲು ನಿಲ್ಲಿಸದೆಯೇ, "ಏನಣ್ಣ, ಸನ್ಮಾನದ ಅಣ್ಣು ತಂದಿದ್ದೀಯಾ?" ಎಂದಳು.

ಗಡಿಯಾರ ಮೇಜಿನ ಮೇಲಿಟ್ಟು ಎಲ್ಲವನ್ನೂ ಹೇಳಿದೆ. ಬ್ಯಾಂಕ್ ಆಫೀಸರಿನಿಂದ ಶುರುಮಾಡಿದೆ, ನಗಬಹುದೇನೋ ಎಂಬ ಆಸೆ. ಮಿಷನ್ನು ನಿಂತಿತು. ಅವಳು ಗಡಿಯಾರಕ್ಕೆ ಕೀಲಿ ಕೊಟ್ಟಳು. ಎಡಗಡೆಯ ಮುಳ್ಳನ್ನು ಹನ್ನೆರಡಕ್ಕೆ ಐದು ನಿಮಿಷವಿದೆ ಎನ್ನುವಲ್ಲಿಗೆ ತಂದಳು. ಮೊಬೈಲನ್ನು ಪಕ್ಕಕ್ಕೆ ಇಟ್ಟು ಸೆಕೆಂಡು ಓಡಿಸಿದಳು. ಇಬ್ಬರೂ ಆ ಕೆಂಪು ಕಡ್ಡಿಯನ್ನೇ ನೋಡುತ್ತಾ ಕೂತೆವು. ಅದು ಮೆಲ್ಲಗೆ ಎದ್ದಿತು. ಅಡ್ಡವಾಯಿತು. ಬಿತ್ತು.

"ಒಂದೂಕಾಲು ನಿಮಿಸ ಮುಂಚೇನೇ" ಅಂದಳು.

"ಊಂ."

"ನನ್ ಕೈಲಿ ಆನೆ ಇತ್ತು. ಮಡಗೋಕೆ ಎಷ್ಟೊತ್ ಬೇಕಾಗಿತ್ತು?"

"ಎಲ್ಡ್ ಸೆಕೆಂಡು."

ಅವಳು ಬಾವುಟವನ್ನು ಉಗುರಿನಿಂದ ಎತ್ತಿ ಎತ್ತಿ ಬಿಡುತ್ತಿದ್ದಳು. "ಗಡಿಯಾರ ತಿರುಗ್ಸಿದ್ದು ಮೇಷ್ಟ್ರು, ಅದು ಓಗ್ಲಿ ಬುಡು. ಅವ್ರು ಕೇಳ್ದಾಗ ಸರಿ ಐತೆ ಅಂತ ಯಾಕ್ಲಾ ಅಂದೆ?"

ಐವತ್ತು ದಾಟಿದ ನನ್ನ ತಂಗಿ ನನ್ನನ್ನು 'ಲಾ' ಎಂದದ್ದು ಅದೇ ಮೊದಲು. ಬಿಸಿ ತಗಡು ಮುಟ್ಟಿದ ಹಾಗಾಯಿತು.

"ಬಯ ಆಯ್ತು ಕಣವ್ವ. ಕೆಲ್ಸ ಓಯ್ತದೆ, ಮಾನ ಓಯ್ತದೆ ಅಂತ."

"ನಾನ್ ನಿಧಾನ ಅಂದ್ಕೊಂಡು ಈಟ್ ವರ್ಸ ಓಡಿದ್ನಲ್ಲೋ. ಅನ್ನಾನೂ ಸರ್ಯಾಗ್ ಅಗ್ದಿಲ್ಲ. ಓಗ್ಲಿ, ನಾನೊಬ್ಳು ಓಡಿದ್ರೆ ಓಡ್ತಿದ್ದೆ. ಆ ಮಕ್ಳನ್ನೂ ಓಡುಸ್ದೆ."

ಅವಳು ಎದ್ದು ಒಳಗೆ ಹೋದಳು. ನಾನು ಕೂತೆ. ಅರ್ಧ ಗಂಟೆಯಾಯಿತು, ಮುಕ್ಕಾಲು ಗಂಟೆಯಾಯಿತು. ಒಳಗೆ ಪಾತ್ರೆಯ ಸದ್ದು ಕೇಳಿಸುತ್ತಿತ್ತು, ತಟ್ಟೆ ಬರಲಿಲ್ಲ. ಒಂದೂವರೆ ಗಂಟೆಯ ಮೇಲೆ ಮುದ್ದೆ ಬಂತು. ಆ ಮನೆಯಲ್ಲಿ ನಾನು ಊಟಕ್ಕೆ ಕಾದದ್ದು ಅದೇ ಮೊದಲು. ಸೊಪ್ಪಿನ ಸಾರು ಬಡಿಸುವಾಗಲೂ ಸೌಟನ್ನು ಬೇಕೆಂದೇ ನಿಧಾನವಾಗಿ ಬಗ್ಗಿಸಿದಳು.

"ಭಾನ್ವಾರ ಬಾ" ಅಂದಳು. "ಎಂಟ್ ಜನ ಉಡ್ಗೀರು ಬತ್ತಾರೆ. ನಂಗ್ ಏಳ್ದಂಗೇ ಅವ್ರಿಗೂ ಏಳ್ಬೇಕು. ಬ್ಯಾಂಕ್ ಆಫೀಸರ್ ಕತೆ ಬ್ಯಾಡ. ನೆಟ್ಟಗೆ ಗಡಿಯಾರದಿಂದ ಸುರು ಮಾಡು."

ಹೋದೆ. ಎಂಟು ಜನರ ಮುಂದೆ ನಿಂತು ಹೇಳಿದೆ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಚಂದನಾ ಮಾತ್ರ, "ಹಂಗಾದ್ರೆ ಅಕ್ಕ ನಿಧಾನ ಅಲ್ವಾ?" ಎಂದು ಕೇಳಿದಳು. "ಅಲ್ಲ" ಅಂದೆ. ಅಂದಿನಿಂದ ಪ್ರತಿ ಭಾನುವಾರ ನಾನು ಮಳವಳ್ಳಿಯಲ್ಲಿ ಆ ಹುಡುಗಿಯರ ಎದುರು ಆಟಕ್ಕೆ ಕೂರಬೇಕು. ಒಂಬತ್ತನೇ ನಂಬರಿನ ಗಡಿಯಾರದ ಎಡಗಡೆಯದು ನನ್ನದು. ಅದನ್ನು ರಿಪೇರಿ ಮಾಡಲು ಸಾವಿತ್ರಿ ಇನ್ನೂ ಒಪ್ಪಿಲ್ಲ. ಇಲ್ಲಿಯವರೆಗೆ ಬಾವುಟ ಬಿದ್ದೇ ಹನ್ನೊಂದು ಆಟ ಸೋತಿದ್ದೇನೆ. ಉಳಿದ ಆಟಗಳನ್ನು ನನ್ನ ಸ್ವಂತ ಶಕ್ತಿಯಿಂದ ಸೋತಿದ್ದೇನೆ.

ಈ ವರ್ಷದ ಮಹಿಳಾ ಆಯ್ಕೆ ಪಂದ್ಯಕ್ಕೆ ನೋಡುವವನಾಗಿ ಮದ್ದೂರಿಗೆ ಹೋಗಿದ್ದೆ. ಸಾವಿತ್ರಿಯೂ ಇದ್ದಳು. ಕೊನೆಯ ಸುತ್ತಿನಲ್ಲಿ ಎಲ್ಲ ಬೋರ್ಡುಗಳೂ ಮುಗಿದು ಒಂದೇ ಉಳಿದಿತ್ತು. ಚಂದನಾ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡು ಕೂತಿದ್ದಳು. ಒಂದೇ ನಡೆಗೆ ಇಪ್ಪತ್ತೈದು ನಿಮಿಷವಾಗಿತ್ತು. ಊಟದ ಹೊತ್ತು ಮೀರಿತ್ತು. ಅಡುಗೆಯವರು ಬಾಗಿಲಲ್ಲಿ ಎರಡು ಸಲ ಇಣುಕಿ ಹೋದರು. ಮಳವಳ್ಳಿಯ ಹುಡುಗಿ ಇಷ್ಟು ಹೊತ್ತು ಕೂರುವುದನ್ನು ಆ ಹಾಲಿನಲ್ಲಿ ಯಾರೂ ಕಂಡಿರಲಿಲ್ಲ. ಗಡಿಯಾರವೇ ಕೆಟ್ಟು ನಿಂತಿರಬೇಕು ಎಂದು ಹೊಸ ತೀರ್ಪುಗಾರರಿಗೆ ಅನುಮಾನ ಬಂತು. ಸುತ್ತ ನೋಡಿ, ಹಗ್ಗದ ಆಚೆ ನಿಂತಿದ್ದ ನನ್ನನ್ನು ಕೈಮಾಡಿ ಕರೆದರು.

"ಪುಟ್ಟಸ್ವಾಮಣ್ಣ, ಸ್ವಲ್ಪ ನೋಡಿ. ಗಡಿಯಾರ ಸರಿ ಇದೆಯಾ?"

ಅದೇ ಊರು, ಅದೇ ಮಾತು. ಹೋಗಿ ಬಗ್ಗಿದೆ. ಅಂಕಿಗಳು ಒಂದೊಂದಾಗಿ ಇಳಿಯುತ್ತಿದ್ದವು. ನನ್ನ ಕೈಗಡಿಯಾರದ ಜತೆ ಒಂದು ಪೂರ್ತಿ ನಿಮಿಷ ತಾಳೆ ಹಾಕಿ ನೋಡಿದೆ. ಚಂದನಾಳಿಗೆ ಇನ್ನೂ ಹತ್ತೊಂಬತ್ತು ನಿಮಿಷವಿತ್ತು.

"ಸರಿ ಐತೆ ಸಾ" ಅಂದೆ.

ನಾನು ಬಾಯಿ ಮುಚ್ಚುವಷ್ಟರಲ್ಲಿ ಸಾವಿತ್ರಿ ಹಗ್ಗದ ಕೆಳಗೆ ತೂರಿ ಬಂದಿದ್ದಳು. ನನ್ನನ್ನು ಮೊಣಕೈಯಿಂದ ಪಕ್ಕಕ್ಕೆ ಸರಿಸಿದಳು. ಸೆರಗಿನಲ್ಲಿ ಕನ್ನಡಕ ಒರೆಸಿ, ಮೂಗಿಗೆ ಏರಿಸಿ, ಗಡಿಯಾರದ ಎರಡೂ ಕಡೆಯ ಅಂಕಿಗಳನ್ನು ಆರಾಮವಾಗಿ ತಾನೇ ನೋಡಿದಳು.

"ಊಂ, ಸರಿ ಐತೆ" ಎಂದು ತೀರ್ಪುಗಾರರಿಗೆ ಹೇಳಿ, ಬಂದದ್ದಕ್ಕಿಂತ ನಿಧಾನವಾಗಿ ನಡೆದು ಹೋಗಿ ತನ್ನ ಕುರ್ಚಿಯಲ್ಲಿ ಕೂತಳು. ಚಂದನಾ ತಲೆ ಎತ್ತಿರಲಿಲ್ಲ.